ಫಿರ್ಯಾದಿ ಎಂದರೆ ಯಾರು?

ಕೋರ್ಟು ಕಚೇರಿಯ ಮಾತೆಂದರೆ ನಮ್ಮ ಜನಕ್ಕೆ ಮೊದಲಿನಿಂದಲೂ ಒಂದು ಬಗೆಯ ಅಂಜಿಕೆ. ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ಹುಟ್ಟಿದ್ದು ಆ ಅಂಜಿಕೆಯಿಂದಲೇ. ವಕೀಲರ ಕರಿಯ ಕೋಟು ಹೇಗೆ ತನ್ನದಲ್ಲವೋ ಹಾಗೆಯೇ ಅಲ್ಲಿ ಓಡಾಡುವ ಶಬ್ದಗಳೂ ತನ್ನವಲ್ಲ ಎಂದು ಹಳ್ಳಿಯವನೂ ಪೇಟೆಯವನೂ ಒಂದೇ ಸಮನಾಗಿ ನಂಬಿದ್ದಾರೆ. ನಾನು ಕಾನೂನು ಓದಿದವನಲ್ಲ. ಶಬ್ದಗಳ ಬೆನ್ನು ಹತ್ತುವ ಚಟ ಮಾತ್ರ ಉಂಟು. ಆ ಚಟದವನಿಗೆ ಕೋರ್ಟಿನ ಮಾತುಗಳಷ್ಟು ಸ್ವಾರಸ್ಯವಾದವು ಬೇರೆ ಕಡೆ ಸಿಕ್ಕುವುದು ಅಪರೂಪ.

ನ್ಯಾಯ ಕೇಳಲು ಬಂದವನೊಬ್ಬನಿಗೇ ಎಷ್ಟು ಹೆಸರುಗಳಿವೆ ನೋಡಿ! ಜಮೀನಿನ ವ್ಯಾಜ್ಯ ತಂದರೆ ಅವನು ವಾದಿ. ಹೊಡೆದಾಟದ ವಿಷಯವನ್ನು ಪೊಲೀಸ್ ಸ್ಟೇಷನ್ನಿಗೆ ತಂದರೆ ಫಿರ್ಯಾದಿ. ಹೈಕೋರ್ಟಿನಲ್ಲಿ ರಿಟ್ ಹಾಕಿದರೆ ಅರ್ಜಿದಾರ. ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ನಿಂತರೆ ದೂರುದಾರ. ಇಂಗ್ಲಿಷಿನಲ್ಲಿ ಬರೆದ ಕಾಗದದಲ್ಲಿ ಅವನು ‘ಪ್ಲೇಂಟಿಫ್’. ಮನುಷ್ಯ ಒಬ್ಬನೇ, ಅವನ ಸಂಕಟವೂ ಒಂದೇ. ಆದರೆ ಅವನನ್ನು ಕರೆಯುವ ಒಂದೊಂದು ಹೆಸರಿಗೂ ಒಂದೊಂದು ಊರು, ಒಂದೊಂದು ವಂಶಾವಳಿ. ಈ ವಂಶಾವಳಿಗಳನ್ನು ಬಿಡಿಸಿ ನೋಡಿದರೆ, ಒಬ್ಬರನ್ನೊಬ್ಬರು ಕಾಣದ ನಾಡುಗಳು ನ್ಯಾಯಸ್ಥಾನದ ಬಾಗಿಲಲ್ಲಿ ಕಂಡದ್ದು ಮಾತ್ರ ಒಂದನ್ನೇ ಎಂದು ತಿಳಿಯುತ್ತದೆ. ಅದು ನೊಂದವನ ಕೂಗು. ಆ ಕೂಗು ಮುಂದೆ ಏನಾಯಿತು ಎಂಬುದೇ ನನ್ನ ಈ ಬರಹದ ವಿಷಯ.

ಎದೆ ಬಡಿದುಕೊಂಡವನು

ಮೊದಲು ಪ್ಲೇಂಟಿಫನನ್ನೇ ವಿಚಾರಿಸೋಣ. ಈ ಶಬ್ದ ಇಂಗ್ಲಿಷಿನದಲ್ಲ. ೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಅರಮನೆಗೂ ನ್ಯಾಯಸ್ಥಾನಕ್ಕೂ ಫ್ರೆಂಚ್ ಭಾಷೆ ಬಂದಿತು. ಕೋರ್ಟ್, ಜಡ್ಜ್, ಜ್ಯೂರಿ, ಅಟಾರ್ನಿ ಇವೆಲ್ಲ ಹಾಗೆ ಬಂದ ಮಾತುಗಳು. ಹಳೆಯ ಫ್ರೆಂಚಿನಲ್ಲಿ ‘ಪ್ಲೇಂತ್’ ಎಂದರೆ ಗೋಳು. ‘ಪ್ಲೇಂತೀಫ್’ ಎಂದರೆ ಗೋಳು ಹೇಳಿಕೊಳ್ಳುವವನು. ಅದಕ್ಕೂ ಹಿಂದೆ ಹೋದರೆ ಲ್ಯಾಟಿನ್ನಿನ ‘ಪ್ಲಾಂಗೆರೆ’ ಎಂಬ ಧಾತು ಸಿಕ್ಕುತ್ತದೆ. ಅದರ ಅರ್ಥ ಬಡಿಯುವುದು. ಅದರಲ್ಲಿಯೂ ದುಃಖದಲ್ಲಿ ಎದೆ ಬಡಿದುಕೊಳ್ಳುವುದು. ಕಾವ್ಯ ಓದುವ ಇಂಗ್ಲಿಷರು ಕರುಣವಾದ ದನಿಗೆ ‘ಪ್ಲೇಂಟಿವ್’ ಎನ್ನುತ್ತಾರಲ್ಲ, ಅದೂ ಇದೂ ಒಡಹುಟ್ಟಿದವು. ಒಂದು ಕವಿಯ ಮನೆ ಸೇರಿತು, ಇನ್ನೊಂದು ವಕೀಲನ ಮನೆ.

ಆ ಕಾಲದ ಲ್ಯಾಟಿನ್ ದಾಖಲೆಗಳಲ್ಲಿ ಇದೇ ಮನುಷ್ಯನನ್ನು ‘ಕ್ವೆರೆನ್ಸ್’ ಎಂದು ಬರೆಯುತ್ತಿದ್ದರು. ಅದಕ್ಕೂ ಕೊರಗಿ ಹೇಳುವವನು ಎಂದೇ ಅರ್ಥ. ಜರ್ಮನರ ಭಾಷೆಯಲ್ಲಿ ವಾದಿಗೆ ‘ಕ್ಲೇಗರ್’ ಎಂದು ಹೆಸರು. ‘ಕ್ಲಾಗೆ’ ಎಂದರೆ ಪ್ರಲಾಪ. ಅಳುವವನಿಲ್ಲದ ಕಡೆ ನ್ಯಾಯಾಧೀಶನೂ ಇಲ್ಲ ಎಂಬ ಅರ್ಥದ ಗಾದೆಯೊಂದು ಅವರಲ್ಲಿ ಇಂದಿಗೂ ರೂಢಿಯಲ್ಲಿದೆ. ಪ್ರಾಚೀನ ರೋಮಿನವರು ಮಾತ್ರ ಇದಕ್ಕೆ ಹೊರತು. ಅವರು ವಾದಿಯನ್ನು ‘ಆಕ್ಟೊರ್’, ಎಂದರೆ ಕಾರ್ಯಕ್ಕೆ ತೊಡಗಿದವನು, ನಡೆಸುವವನು ಎಂದರು. ಇಂಗ್ಲಿಷಿನಲ್ಲಿ ಇಂದು ಅದೇ ಶಬ್ದ ನಾಟಕದ ನಟನಿಗೆ ಸಂದಿದೆ. ಸ್ಕಾಟ್ಲೆಂಡಿನಲ್ಲಿ ವಾದಿ ‘ಪರ್ಸೂಅರ್’, ಬೆನ್ನಟ್ಟಿ ಹೋಗುವವನು. ಇಂಗ್ಲಿಷಿನ ‘ಸೂಟ್’ ಎಂಬ ಮಾತಿನ ಹೊಟ್ಟೆಯಲ್ಲಿಯೂ ಹಿಂಬಾಲಿಸುವುದು ಎಂಬ ಅರ್ಥವೇ ಇದೆ. ಗೋಳಾಡುವವನು, ಬೆನ್ನಟ್ಟುವವನು: ನ್ಯಾಯ ಕೇಳುವವನ ಎರಡು ಮುಖಗಳನ್ನು ಈ ಶಬ್ದಗಳು ಹಂಚಿಕೊಂಡಿವೆ.

ಅರಸನ ಶವದ ಮುಂದೆ

ಇದು ಬರಿಯ ನಿಘಂಟಿನ ಕಥೆಯಲ್ಲ, ನಿಜವಾಗಿಯೂ ಕೂಗುತ್ತಿದ್ದರು. ಇಂಗ್ಲೆಂಡನ್ನು ಗೆದ್ದ ಆ ವಿಲಿಯಂ ದೊರೆಯೇ ೧೦೮೭ರಲ್ಲಿ ತೀರಿಕೊಂಡಾಗ ಅವನ ದೇಹವನ್ನು ನಾರ್ಮಂಡಿಯ ಕಾನ್ ಪಟ್ಟಣದಲ್ಲಿ ಅವನೇ ಕಟ್ಟಿಸಿದ್ದ ಮಠದ ಇಗರ್ಜಿಗೆ ತಂದರು. ಬಿಷಪ್ಪರೂ ಪ್ರಭುಗಳೂ ನೆರೆದಿದ್ದರು. ಶವವನ್ನು ಮಣ್ಣಿಗಿಡುವ ಹೊತ್ತಿಗೆ ಆಸೆಲಿನ್ ಎಂಬ ಊರಿನವನೊಬ್ಬ ಎದ್ದು ನಿಂತು, ಈ ನೆಲ ನನ್ನ ತಂದೆಯದು, ಈ ದೊರೆ ಬಲಾತ್ಕಾರದಿಂದ ಕಿತ್ತುಕೊಂಡದ್ದು, ನನ್ನ ಮಣ್ಣಿನಿಂದ ಇವನ ದೇಹವನ್ನು ಮುಚ್ಚಕೂಡದು ಎಂದು ದೇವರ ಹೆಸರಿನಲ್ಲಿ ತಡೆದನು. ನೆರೆಹೊರೆಯವರನ್ನು ಅಲ್ಲಿಯೇ ವಿಚಾರಿಸಿದರು. ಅವನು ಹೇಳಿದ್ದು ನಿಜವೆಂದು ತಿಳಿಯಿತು. ಗೋರಿಯಷ್ಟು ನೆಲಕ್ಕೆ ೬೦ ಷಿಲಿಂಗು ಎಣಿಸಿಕೊಟ್ಟು, ಉಳಿದ ನೆಲಕ್ಕೂ ಪರಿಹಾರದ ಮಾತು ಕೊಟ್ಟ ಮೇಲೆಯೇ ಉತ್ತರಕ್ರಿಯೆ ಮುಂದುವರಿದದ್ದು. ಆರ್ಡೆರಿಕ್ ವಿಟಾಲಿಸ್ ಎಂಬ ಸಂನ್ಯಾಸಿ ತನ್ನ ಇತಿಹಾಸದಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಒಂದು ರಾಜ್ಯವನ್ನೇ ಗೆದ್ದವನಿಗೆ ಆರಡಿ ನೆಲಕ್ಕಾಗಿ ಪ್ರತಿವಾದಿಯಾಗಬೇಕಾಯಿತು!

ಈ ಪದ್ಧತಿಯ ಎಳೆಯೊಂದು ಇಂದಿಗೂ ಉಳಿದಿದೆ. ಇಂಗ್ಲಿಷ್ ಕಾಲುವೆಯಲ್ಲಿರುವ ಜರ್ಸಿ, ಗರ್ನ್‌ಸಿ ಎಂಬ ಸಣ್ಣ ದ್ವೀಪಗಳಲ್ಲಿ ಹಳೆಯ ನಾರ್ಮನ್ ಕಾನೂನು ಪೂರ್ತಿ ಅಳಿದಿಲ್ಲ. ಅಲ್ಲಿ ಒಬ್ಬನ ನೆಲದ ಮೇಲೆ ಇನ್ನೊಬ್ಬನು ಅಕ್ರಮವಾಗಿ ಕೈಹಾಕಿದರೆ, ನೆಲದವನು ಸಾಕ್ಷಿಗಳ ಎದುರಿಗೆ ಮೊಣಕಾಲೂರಿ ‘ಹಾರೋ’ ಎಂದು ಮೂರು ಸಲ ಕೂಗಿ, ನನಗೆ ಅನ್ಯಾಯವಾಗುತ್ತಿದೆ, ಪ್ರಭುವೇ ನೆರವಿಗೆ ಬಾ ಎಂದು ಮೊರೆಯಿಡಬಹುದು. ಕೂಗು ಬಿದ್ದ ಕೂಡಲೆ ಕೆಲಸ ನಿಲ್ಲಬೇಕು. ಕೋರ್ಟು ತೀರ್ಮಾನಿಸುವ ತನಕ ಮುಟ್ಟುವಂತಿಲ್ಲ. ವೃಥಾ ಕೂಗಿದವನಿಗೆ ದಂಡವೂ ಉಂಟು. ನಮ್ಮ ವಕೀಲರು ತಿಂಗಳುಗಟ್ಟಲೆ ಓಡಾಡಿ ತರುವ ತಡೆಯಾಜ್ಞೆಯನ್ನು ಆ ದ್ವೀಪದ ರೈತ ಮೂರು ಕೂಗಿನಲ್ಲಿ ತರುತ್ತಾನೆ.

ಇಂಗ್ಲೆಂಡಿನಲ್ಲಿ ಕೂಗು ಬೇಗ ಕಾಗದವಾಯಿತು. ಅದೂ ಜನಕ್ಕೆ ತಿಳಿಯದ ಭಾಷೆಯಲ್ಲಿ. ಫ್ರೆಂಚಿನಲ್ಲಿ ವಾದ, ಲ್ಯಾಟಿನ್ನಿನಲ್ಲಿ ದಾಖಲೆ. ತನ್ನ ಪರವಾಗಿ ಏನು ಹೇಳಿದರು, ವಿರುದ್ಧವಾಗಿ ಏನು ಹೇಳಿದರು ಎಂಬುದು ಕಕ್ಷಿಗಾರನಿಗೇ ತಿಳಿಯದು. ೧೩೬೨ರಲ್ಲಿ ಮೂರನೆಯ ಎಡ್ವರ್ಡ್ ಅರಸನ ಕಾಲದ ಶಾಸನವೊಂದು, ಜನಕ್ಕೆ ಫ್ರೆಂಚ್ ಬಾರದಾದ್ದರಿಂದ ವಾದವೆಲ್ಲ ಇಂಗ್ಲಿಷಿನಲ್ಲಿ ನಡೆಯಬೇಕೆಂದು ವಿಧಿಸಿತು. ಆದರೂ ದಾಖಲೆಗಳಿಂದ ಲ್ಯಾಟಿನ್ ತೊಲಗಲು ೧೭೩೩ರ ವರೆಗೆ ಕಾಯಬೇಕಾಯಿತು. ಕೊನೆಗೆ ೧೯೯೯ರಲ್ಲಿ ಇಂಗ್ಲೆಂಡಿನ ಹೊಸ ಸಿವಿಲ್ ನಿಯಮಗಳು, ಸಾಮಾನ್ಯನಿಗೆ ಅರ್ಥವಾಗುವ ಮಾತು ಬೇಕೆಂದು ‘ಪ್ಲೇಂಟಿಫ್’ ಎಂಬುದನ್ನೇ ಕೈಬಿಟ್ಟು ‘ಕ್ಲೇಮಂಟ್’ ಎಂದು ಬರೆದವು. ಸ್ವಾರಸ್ಯವೆಂದರೆ, ‘ಕ್ಲೇಮ್’ ಎಂಬುದು ಬಂದದ್ದು ಲ್ಯಾಟಿನ್ನಿನ ‘ಕ್ಲಾಮಾರೆ’ ಎಂಬ ಧಾತುವಿನಿಂದ. ಅದರ ಅರ್ಥ ಕೂಗುವುದು! ಎದೆ ಬಡಿದುಕೊಳ್ಳುವವನನ್ನು ಹೊರಗೆ ಕಳಿಸಿ ಕೂಗುವವನನ್ನು ಒಳಗೆ ಕರೆದುಕೊಂಡಂತಾಯಿತು.

ಪಾರಸಿಯ ದಾರಿಯಲ್ಲಿ

ಈಗ ನಮ್ಮ ಫಿರ್ಯಾದಿಗೆ ಬರೋಣ. ಇವನು ಪಾರಸಿ ದೇಶದವನು. ‘ಫರ್ಯಾದ್’ ಎಂದರೆ ನೆರವು ಬೇಡಿ ಇಟ್ಟ ಕೂಗು. ‘ಫರ್ಯಾದಿ’ ಹಾಗೆ ಕೂಗಿದವನು. ಆ ಕೂಗನ್ನು ಕೇಳಿ ಬಂದು ನ್ಯಾಯ ಕೊಡಿಸುವವನಿಗೆ ಪಾರಸಿಯಲ್ಲಿ ‘ಫರ್ಯಾದ್‌ರಸ್’ ಎಂದು ಹೆಸರು. ಕೂಗನ್ನು ಮುಟ್ಟಿದವನು ಎಂದು ಅದರ ಅರ್ಥ. ನ್ಯಾಯಾಧೀಶನಿಗೆ ಇದಕ್ಕಿಂತ ಒಳ್ಳೆಯ ಹೆಸರನ್ನು ನಾನು ಕಂಡಿಲ್ಲ. ಹಿಂದಿ ಉರ್ದುಗಳಲ್ಲಿ ದಾವೆಗೆ ‘ನಾಲಿಶ್’ ಎಂಬ ಇನ್ನೊಂದು ಪಾರಸಿ ಮಾತುಂಟು. ಅದು ನರಳುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಲ್ಯಾಟಿನ್ನಿನವನು ಎದೆ ಬಡಿದುಕೊಂಡ, ಪಾರಸಿಯವನು ನರಳಿದ.

೧೬೦೫ರಲ್ಲಿ ಪಟ್ಟವೇರಿದ ಜಹಾಂಗೀರ್ ಬಾದಶಹನು ತಾನು ಹೊರಡಿಸಿದ ಮೊತ್ತಮೊದಲ ಅಪ್ಪಣೆ ನ್ಯಾಯದ ಸರಪಣಿಯದು ಎಂದು ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅಪ್ಪಟ ಚಿನ್ನದ್ದು, ೩೦ ಗಜ ಉದ್ದ, ೬೦ ಗಂಟೆಗಳು. ಒಂದು ತುದಿ ಆಗ್ರಾ ಕೋಟೆಯ ಬುರುಜಿಗೆ, ಇನ್ನೊಂದು ತುದಿ ಯಮುನೆಯ ದಡದ ಕಲ್ಲುಕಂಬಕ್ಕೆ. ಅಧಿಕಾರಿಗಳು ಕಿವಿಗೊಡದಿದ್ದರೆ ಫಿರ್ಯಾದಿ ನೇರವಾಗಿ ಬಂದು ಸರಪಣಿ ಅಲುಗಿಸಬೇಕು. ತಮಿಳು ನಾಡಿನ ಮನುನೀತಿ ಚೋಳನ ಐತಿಹ್ಯದಲ್ಲಿ ಕರುವನ್ನು ಕಳೆದುಕೊಂಡ ಹಸುವೇ ಬಂದು ಅರಮನೆಯ ಗಂಟೆ ಬಾರಿಸುತ್ತದೆ. ಒಂದು ಇತಿಹಾಸ, ಒಂದು ಕಥೆ. ಎರಡರಲ್ಲಿಯೂ ಒಂದೇ ತಿಳಿವಳಿಕೆ ಇದೆ. ಕೂಗುವವನ ಗಂಟಲು ಅರಮನೆಯ ಗೋಡೆಯನ್ನು ದಾಟಲಾರದು, ಅದಕ್ಕೆ ಗಂಟೆಯೊಂದು ಬೇಕು.

ಈ ಪಾರಸಿ ಮಾತುಗಳು ಕನ್ನಡಕ್ಕೆ ನಿನ್ನೆ ಮೊನ್ನೆ ಬಂದವಲ್ಲ. ೧೩೪೭ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ಅದರ ರಾಜಧಾನಿಯಾಯಿತು. ಅನಂತರ ಬೀದರಿನಲ್ಲಿ, ವಿಜಾಪುರದ ಆದಿಲಶಾಹಿಯಲ್ಲಿ, ಮೊಗಲರ ಶಿರಾ ಪ್ರಾಂತದಲ್ಲಿ, ಹೈದರ್ ಟಿಪ್ಪುಗಳ ಕಚೇರಿಗಳಲ್ಲಿ ಶತಮಾನಗಟ್ಟಲೆ ಓಡಾಡಿ ಅವು ನಮ್ಮವೇ ಆದವು. ವಕೀಲ, ಅಮೀನ, ಜಾಮೀನು, ರುಜುವಾತು, ತಕರಾರು ಇವನ್ನು ಪರಭಾಷೆಯೆಂದು ಯಾರು ತಾನೆ ಎಣಿಸುತ್ತಾರೆ? ‘ಅಹವಾಲು’ ಎಂದರೆ ಅರಬ್ಬಿಯಲ್ಲಿ ಸ್ಥಿತಿಗತಿಗಳು. ‘ಅರ್ಜಿ’ ಎಂದರೆ ಮುಂದಿಟ್ಟು ತೋರಿಸಿದ್ದು. ಮರಾಠಿಯ ‘ದಾದ್ ನಾ ಫಿರ್ಯಾದ್’ ಎಂಬ ನುಡಿಗಟ್ಟು, ಎಂದರೆ ನ್ಯಾಯವೂ ಇಲ್ಲ ಕೇಳುವವರೂ ಇಲ್ಲ ಎಂಬುದು, ಗಡಿಸೀಮೆಯ ಕನ್ನಡಿಗರ ಕಿವಿಗೂ ಹೊಸದಲ್ಲ. ಕಂಪನಿ ಸರ್ಕಾರದ ಕೋರ್ಟುಗಳಲ್ಲಿಯೂ ಪಾರಸಿಯೇ ನಡೆಯುತ್ತಿತ್ತು. ಅದನ್ನು ಬಿಟ್ಟು ದೇಶಭಾಷೆಗಳನ್ನು ತರಲು ದಾರಿಯಾದದ್ದು ೧೮೩೭ರ ಕಾಯಿದೆಯಿಂದ. ಭಾಷೆ ಹೋದರೂ ಮಾತುಗಳು ಉಳಿದವು.

‘ದಾವೆ’ ಎಂಬುದನ್ನು ನೋಡಿ. ಇದು ಅರಬ್ಬಿಯದು, ಕರೆಯುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ್ದು. ಊಟಕ್ಕೆ ಕರೆಯುವ ‘ದಾವತ್’ ಇದರ ಹತ್ತಿರದ ನಂಟ. ಕನ್ನಡಿಗನು ಈ ದಾವೆಯನ್ನು ಏನು ಮಾಡಿದ? ಹೂಡಿದ! ನೇಗಿಲು ಹೂಡುವ, ಬಿಲ್ಲಿಗೆ ಬಾಣ ಹೂಡುವ ಕ್ರಿಯಾಪದವನ್ನು ತಂದು ಅದಕ್ಕೆ ಕಟ್ಟಿದ. ದಾವೆ ಹೂಡುವುದೆಂದರೆ ಉಳುಮೆಯಂತೆ ಮೈಮುರಿಯುವ ಕೆಲಸ, ಬಾಣದಂತೆ ಒಮ್ಮೆ ಬಿಟ್ಟರೆ ಹಿಂದಕ್ಕೆ ಬಾರದ್ದು. ಎರಡು ಅರ್ಥವೂ ಅನುಭವಿಗಳಿಗೆ ಒಪ್ಪುತ್ತದೆ.

ಫಿರ್ಯಾದಿಗೆ ಕನ್ನಡದಲ್ಲಿ ಇನ್ನೊಂದು ಗತಿಯಾಯಿತು. ಮೂಲದಲ್ಲಿ ಅದು ಮನುಷ್ಯನ ಹೆಸರು. ನಮ್ಮಲ್ಲಿ ‘ಫಿರ್ಯಾದಿ ಕೊಟ್ಟ’, ‘ಫಿರ್ಯಾದಿ ಬರೆಸಿದ’ ಎಂದು ಕಾಗದಕ್ಕೇ ಆ ಹೆಸರು ಅಂಟಿಕೊಂಡಿತು. ಕಾಗದವೇ ಫಿರ್ಯಾದಿಯಾದ ಮೇಲೆ ಮನುಷ್ಯನಿಗೆ ಹೆಸರು ಬೇಡವೆ? ಅದಕ್ಕೆ ‘ದಾರ’ ಸೇರಿಸಿ ‘ಫಿರ್ಯಾದಿದಾರ’ ಎಂದರು. ವೈಯಾಕರಣರು ಇದನ್ನು ಕಂಡು ನಗಬಹುದು. ನನಗೆ ಇದರಲ್ಲಿ ನ್ಯಾಯಸ್ಥಾನದ ಚರಿತ್ರೆಯೇ ಅಡಗಿದೆಯೆನಿಸುತ್ತದೆ: ಕೂಗಿದವನ ಹೆಸರನ್ನು ಅವನು ಬರೆಸಿದ ಕಾಗದ ಕಸಿದುಕೊಂಡಿತು.

ನಮ್ಮ ಮೊರೆ

ಪಾರಸಿ ಬರುವ ಮೊದಲು ಕನ್ನಡಿಗನಿಗೆ ಕೂಗಲು ಬರುತ್ತಿರಲಿಲ್ಲವೆ? ಧಾರಾಳವಾಗಿ ಬರುತ್ತಿತ್ತು. ಹಳಗನ್ನಡದ ‘ಪುಯ್ಯಲ್’ ಎಂದರೆ ಆಪತ್ತಿನಲ್ಲಿ ಎಬ್ಬಿಸುವ ಬೊಬ್ಬೆ, ಗೋಳು. ಅದೇ ಮುಂದೆ ಹುಯ್ಯಲು, ಹುಯಿಲು ಆಯಿತು. ‘ದೂರು’ ಎಂಬುದು ಅಚ್ಚಕನ್ನಡದ ಮಾತು. ತಪ್ಪು ಹೊರಿಸುವುದು, ನಿಂದಿಸುವುದು ಎಂದು ಅದರ ಅರ್ಥ. ದೂರಿನ ಮುಖ ಅನ್ಯಾಯ ಮಾಡಿದವನ ಕಡೆಗೆ. ‘ಮೊರೆ’ಯ ಮುಖ ಕಾಪಾಡುವವನ ಕಡೆಗೆ. ಕಡಲು ಮೊರೆಯುತ್ತದೆ, ದುಂಬಿ ಮೊರೆಯುತ್ತದೆ, ನೊಂದವನು ಮೊರೆಯಿಡುತ್ತಾನೆ. ಇಂದಿನ ಪತ್ರಿಕೆಯವರು ‘ಹೈಕೋರ್ಟಿನ ಮೊರೆ ಹೋದರು’ ಎಂದು ಬರೆಯುವಾಗ ದೇವರ ಗುಡಿಯ ಮುಂದಿನ ಮಾತನ್ನೇ ಕೋರ್ಟಿನ ಮುಂದೆ ತಂದಿಟ್ಟಿರುತ್ತಾರೆ.

ಸಂಸ್ಕೃತದ ಶಾಸ್ತ್ರಕಾರರ ದಾರಿ ಬೇರೆ. ಅವರಿಗೆ ನ್ಯಾಯಸ್ಥಾನವೊಂದು ಚರ್ಚೆಯ ಸಭೆ. ಅಲ್ಲಿಗೆ ಬಂದವನು ವಾದಿ, ಎಂದರೆ ಮಾತಾಡುವವನು. ಎದುರು ನಿಂತವನು ಪ್ರತಿವಾದಿ. ತರ್ಕದ ಸಭೆಯಲ್ಲಿಯೂ ಇವೇ ಹೆಸರುಗಳು. ಇನ್ನೊಂದು ಜೋಡಿ ಅರ್ಥಿ, ಪ್ರತ್ಯರ್ಥಿ. ಅರ್ಥಿ ಎಂದರೆ ಏನನ್ನೋ ಬಯಸಿ ಬಂದವನು. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ವಾದಿಯನ್ನು ‘ವೇದಕ’, ತಿಳಿಸುವವನು, ಎಂದು ಕರೆಯುತ್ತಾನೆ. ಇಲ್ಲಿ ಅಳು ಇಲ್ಲ. ಬಯಕೆ, ಅರಿಕೆ, ವಾದ ಇವು ಇವೆ. ಆದರೆ ಕೂಗನ್ನು ಕೇಳಬೇಕಾದ ಕರ್ತವ್ಯವನ್ನು ಅವರು ಮರೆತಿರಲಿಲ್ಲ. ಕಾರ್ಯಾರ್ಥಿಗಳಾಗಿ ಬಂದವರನ್ನು ಅರಸನು ಬಾಗಿಲಲ್ಲಿ ಕಾಯಿಸಕೂಡದು ಎಂದು ಕೌಟಿಲ್ಯ ಎಚ್ಚರಿಸುತ್ತಾನೆ. ಅರಸನಾಗಲಿ ಅವನ ನೌಕರನಾಗಲಿ ತಾನಾಗಿ ವ್ಯಾಜ್ಯ ಎಬ್ಬಿಸಬಾರದು, ಇನ್ನೊಬ್ಬನು ತಂದ ವ್ಯಾಜ್ಯವನ್ನು ನುಂಗಿಹಾಕಲೂ ಬಾರದು ಎಂದು ಮನುಸ್ಮೃತಿ ವಿಧಿಸುತ್ತದೆ. ಈ ಎರಡನೆಯ ಮಾತು ಎಲ್ಲ ಕಾಲದ ಕಚೇರಿಗಳ ಗೋಡೆಯ ಮೇಲೂ ಇರತಕ್ಕದ್ದು.

ಕಲ್ಯಾಣದ ಪಂಡಿತ

ಈ ವಿಚಾರದಲ್ಲಿ ಕನ್ನಡ ನಾಡಿಗೆ ಒಂದು ದೊಡ್ಡ ಪಾಲಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ೧೦೭೬ರಿಂದ ೧೧೨೬ರ ವರೆಗೆ ಕಲ್ಯಾಣದಿಂದ ಆಳಿದನು. ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣವೇ ಆ ಊರು. ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದದ್ದು ಅಲ್ಲಿಯೇ. ಬಂಗಾಳವೊಂದನ್ನು ಬಿಟ್ಟರೆ ಹೆಚ್ಚುಕಡಮೆ ಇಡೀ ಭಾರತದಲ್ಲಿ ಹಿಂದೂಗಳ ಆಸ್ತಿ ಹಂಚಿಕೆ ಶತಮಾನಗಳ ಕಾಲ ಈ ಗ್ರಂಥದ ಮಾತಿನಂತೆ ನಡೆಯಿತು. ೧೮೧೦ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ಕೋರ್ಟುಗಳೂ ಅದನ್ನೇ ಹಿಡಿದವು. ಆದರೆ ದಾವೆಯನ್ನು ಹೇಗೆ ತರಬೇಕು, ಹೇಗೆ ಕೇಳಬೇಕು ಎಂದು ಹೇಳುವ ಭಾಗವನ್ನು ಪಂಡಿತರು ಬಿಟ್ಟರೆ ಬೇರೆಯವರು ನೋಡುವುದು ಕಡಮೆ. ನನ್ನ ಮಟ್ಟಿಗೆ ಆ ಭಾಗವೇ ಹೆಚ್ಚು ಜೀವಂತವಾಗಿದೆ.

ಯಾಜ್ಞವಲ್ಕ್ಯನ ಪ್ರಕಾರ, ಶಾಸ್ತ್ರಕ್ಕೂ ಆಚಾರಕ್ಕೂ ವಿರೋಧವಾಗಿ ಇತರರಿಂದ ಪೀಡೆಗೊಳಗಾದವನು ಬಂದು ಅರಸನಿಗೆ ತಿಳಿಸಿದರೆ ಅದು ವ್ಯವಹಾರ, ಎಂದರೆ ದಾವೆ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಎದುರಾಳಿಯ ಸಮಕ್ಷಮದಲ್ಲಿ ಬರೆದುಕೊಳ್ಳಬೇಕು. ವರ್ಷ, ಮಾಸ, ಪಕ್ಷ, ದಿನ, ಹೆಸರು, ಜಾತಿ ಮೊದಲಾದವನ್ನು ನಮೂದಿಸಬೇಕು. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಏಳನೆಯ ಆದೇಶವನ್ನು ತೆರೆದರೆ ವಾದಪತ್ರದಲ್ಲಿ ಏನೇನಿರಬೇಕೆಂಬ ಪಟ್ಟಿ ಸಿಕ್ಕುತ್ತದೆ: ಕೋರ್ಟಿನ ಹೆಸರು, ವಾದಿ ಪ್ರತಿವಾದಿಗಳ ಹೆಸರು ವಿವರ ವಾಸಸ್ಥಳ, ದಾವೆಯ ಕಾರಣ ಎಂದು ಹುಟ್ಟಿತು, ಬೇಡುವ ಪರಿಹಾರವೇನು. ಜಾತಿಯೊಂದನ್ನು ಬಿಟ್ಟರೆ ಎರಡು ಪಟ್ಟಿಗಳೂ ಒಂದನ್ನೊಂದು ಗುರುತು ಹಿಡಿಯುತ್ತವೆ. ಹಿಂದೆ ಇದೇ ವ್ಯಾಜ್ಯ ತೀರ್ಮಾನವಾಗಿದೆ ಎಂದು ಹೇಳುವ ‘ಪ್ರಾಙ್ನ್ಯಾಯ’ ಎಂಬ ಉತ್ತರ ಮಿತಾಕ್ಷರೆಯಲ್ಲಿದೆ. ಸಂಹಿತೆಯ ಹನ್ನೊಂದನೆಯ ಕಲಮು ಅದನ್ನೇ ಹೇಳುತ್ತದೆ.

ಯಾರು ಕೂಗಬಹುದು ಎಂಬ ಪ್ರಶ್ನೆಯೂ ಅಲ್ಲಿ ಬರುತ್ತದೆ. ಗುರು ಶಿಷ್ಯರ, ತಂದೆ ಮಕ್ಕಳ, ಗಂಡ ಹೆಂಡಿರ, ಒಡೆಯ ಆಳುಗಳ ನಡುವಿನ ವ್ಯಾಜ್ಯ ನಿಲ್ಲದು ಎಂಬ ಹಳೆಯ ವಚನವೊಂದಿತ್ತು. ಹಾಗೆಯೇ ಬಿಟ್ಟಿದ್ದರೆ ಮನೆಯೊಳಗಿನ ಅನ್ಯಾಯಕ್ಕೆ ಬಾಯಿಯೇ ಇರುತ್ತಿರಲಿಲ್ಲ. ವಿಜ್ಞಾನೇಶ್ವರ ಅದನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ. ಇದು ಸರ್ವಥಾ ನಿಷೇಧವಲ್ಲ, ಅವರೂ ದಾವೆ ತರಬಹುದು ಎಂದು ವಾದಿಸಿದ. ಗುರು ಸಿಟ್ಟಿನಿಂದ ಎಲ್ಲೆ ಮೀರಿ ಹೊಡೆದರೆ ಶಿಷ್ಯನು ಅರಸನಿಗೆ ತಿಳಿಸಬಹುದು. ಗಂಡನು ಬರಗಾಲದಂಥ ಕಾರಣವಿಲ್ಲದೆ ಹೆಂಡತಿಯ ಸ್ತ್ರೀಧನವನ್ನು ಬಳಸಿಕೊಂಡು, ಕೇಳಿದರೂ ಹಿಂದಿರುಗಿಸದಿದ್ದರೆ ಅವಳು ದಾವೆ ತರಬಹುದು. ವರ್ಣಕ್ಕೊಂದು ದಂಡ ವಿಧಿಸುತ್ತಿದ್ದ ಆ ಕಾಲದ ಶಾಸ್ತ್ರವನ್ನು ನಾವು ಇಂದು ಪೂರ್ತಿಯಾಗಿ ಮೆಚ್ಚಲಾರೆವು. ಆದರೂ ಮುಚ್ಚಿದ್ದ ಬಾಗಿಲೊಂದನ್ನು ತೆರೆದು, ಒಳಗ್ಯಾರೋ ಕೂಗುತ್ತಿದ್ದಾರೆ, ಕೇಳಿ ಎಂದ ಆ ಕಲ್ಯಾಣದ ಪಂಡಿತನನ್ನು ನೆನೆಯಬೇಕು.

ಕೂಗು ಕಾಗದವಾದಾಗ

ಕೂಗಿಗೂ ತೀರ್ಪಿಗೂ ನಡುವೆ ಬರೆಯುವವನೊಬ್ಬ ಕುಳಿತಿರುತ್ತಾನೆ. ತಾಲ್ಲೂಕು ಕಚೇರಿಯ ಎದುರು ಮರದ ನೆರಳಿನಲ್ಲಿ ಅರ್ಜಿ ಬರೆಯುವವರ ಮೇಜುಗಳನ್ನು ನಾನು ಎಷ್ಟೋ ಊರುಗಳಲ್ಲಿ ಕಂಡಿದ್ದೇನೆ. ಮುದುಕಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತ ಗಳಿಗೆಯ ಹೊತ್ತು ಹೇಳುತ್ತಾಳೆ. ಆತ ತಲೆಯೆತ್ತದೆ ‘ಸದರಿ ಅರ್ಜಿದಾರಳಾದ ನಾನು’ ಎಂದು ಆರು ಸಾಲು ಬರೆದು ಮುಗಿಸುತ್ತಾನೆ. ಅವಳ ಮಾತಿನಲ್ಲಿ ಅಣ್ಣನ ಮಗನಿದ್ದ, ಬಾವಿಯಿತ್ತು, ಸತ್ತ ಗಂಡನಿದ್ದ. ಕಾಗದದಲ್ಲಿ ಸರ್ವೆ ನಂಬರೂ ಚಕ್ಕುಬಂದಿಯೂ ಇರುತ್ತವೆ. ಅವನನ್ನು ದೂರುವಂತಿಲ್ಲ. ಕಾನೂನಿಗೆ ಬೇಕಾದದ್ದು ಅದೇ. ಅವಳಿಗೆ ಬೇಕಾದದ್ದು ಅದರಲ್ಲಿ ಉಳಿದಿದೆಯೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆ ಬಹು ಹಳೆಯದು. ಎರಡನೆಯ ಶತಮಾನದ ರೋಮನ್ ನ್ಯಾಯಶಾಸ್ತ್ರಜ್ಞ ಗಾಯಸ್ ಒಂದು ಪ್ರಸಂಗ ಹೇಳುತ್ತಾನೆ. ಯಾರೋ ಒಬ್ಬನ ದ್ರಾಕ್ಷಿಬಳ್ಳಿಗಳನ್ನು ಇನ್ನೊಬ್ಬ ಕಡಿದುಹಾಕಿದ. ಬಳ್ಳಿ ಕಳೆದುಕೊಂಡವನು ದಾವೆಯ ಮಾತಿನಲ್ಲಿ ‘ದ್ರಾಕ್ಷಿಬಳ್ಳಿ’ ಎಂದನು. ಹನ್ನೆರಡು ಫಲಕಗಳ ಪುರಾತನ ಶಾಸನದಲ್ಲಿದ್ದ ಮಾತು ‘ಮರ’. ‘ಮರ’ ಎನ್ನದೆ ‘ಬಳ್ಳಿ’ ಎಂದ ತಪ್ಪಿಗೆ ಅವನು ದಾವೆಯನ್ನೇ ಕಳೆದುಕೊಂಡ. ಬಳ್ಳಿಯೂ ಹೋಯಿತು, ನ್ಯಾಯವೂ ಹೋಯಿತು.

ನಮ್ಮ ಶಾಸ್ತ್ರಕಾರರು ಇದಕ್ಕೆ ಬೇರೆ ದಾರಿ ಹುಡುಕಿದರು. ಕಾತ್ಯಾಯನನ ಮತದಂತೆ, ಅರ್ಥಿ ಹೇಳಿದ್ದನ್ನು ಮೊದಲು ನೆಲದ ಮೇಲೋ ಹಲಗೆಯ ಮೇಲೋ ಸುಣ್ಣದ ಕಡ್ಡಿಯಿಂದ ಬರೆಯಬೇಕು. ಹೆಚ್ಚು ಕಡಮೆಯನ್ನು ತಿದ್ದಿಕೊಂಡ ಮೇಲೆ ಓಲೆಗೆ ಏರಿಸಬೇಕು. ಪ್ರತಿವಾದಿಯ ಉತ್ತರ ಬರುವ ತನಕ ತಿದ್ದುಪಡಿಗೆ ಅವಕಾಶವುಂಟು. ಬಳ್ಳಿಯೆಂದವನು ಮರವೆಂದು ತಿದ್ದಿಕೊಳ್ಳಬಹುದಿತ್ತು. ಅದಕ್ಕಿಂತ ದೊಡ್ಡ ಮಾತು ಮುಂದಿನದು: ಕಕ್ಷಿಗಾರರು ಹೇಳಿದ್ದು ಒಂದಾದರೆ ತಾನು ಇನ್ನೊಂದನ್ನು ಬರೆಯುವ ಲೇಖಕನನ್ನು ಅರಸನು ಕಳ್ಳನಂತೆ ದಂಡಿಸಬೇಕು. ಕಳ್ಳನಂತೆ! ಒಬ್ಬನ ಮಾತನ್ನು ಬದಲಾಯಿಸಿ ಬರೆಯುವುದೆಂದರೆ ಅವನ ಒಡವೆಯನ್ನು ಕದ್ದ ಹಾಗೆ ಎಂದು ಆ ಪ್ರಾಚೀನರು ಕಂಡಿದ್ದರು.

ಇಂದಿನ ಫಿರ್ಯಾದಿ

ಇಂದಿನ ಸ್ಥಿತಿಯೇನು? ಸಿವಿಲ್ ವ್ಯಾಜ್ಯದಲ್ಲಿ ವಾದಿ ತನ್ನ ದಾವೆಯ ಒಡೆಯನಾಗಿ ಉಳಿದಿದ್ದಾನೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಹಾಗಿಲ್ಲ. ಅಪರಾಧವು ಇಡೀ ಸಮಾಜಕ್ಕೆ ಆದ ಅನ್ಯಾಯವೆಂದು ಎಣಿಸಿ ಸರ್ಕಾರವೇ ಮೊಕದ್ದಮೆ ನಡೆಸುತ್ತದೆ. ಬಡವನು ವಕೀಲರ ಫೀಸಿಲ್ಲದೆ ನ್ಯಾಯ ಪಡೆಯಲು ಇದರಿಂದ ಅನುಕೂಲವಾಯಿತು, ಸಂದೇಹವಿಲ್ಲ. ಆದರೆ ಕೂಗಿದವನು ತನ್ನ ಮೊಕದ್ದಮೆಯಲ್ಲಿಯೇ ಒಬ್ಬ ಸಾಕ್ಷಿಯಾಗಿ ಮೂಲೆಗೆ ಸರಿದ. ಕರೆದ ದಿನ ಬರಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು, ಹೊರಡಬೇಕು. ಆರೋಪಿ ಬಿಡುಗಡೆಯಾದರೆ ತಾನಾಗಿ ಅಪೀಲು ಹೋಗುವ ಹಕ್ಕು ನೊಂದವನಿಗೆ ಬಂದದ್ದು ೨೦೦೯ರ ಡಿಸೆಂಬರ್ ೩೧ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಎಂದರೆ ಅವನು ಎಷ್ಟು ಕಾಲ ಮೂಲೆಯಲ್ಲಿ ನಿಂತಿದ್ದನೆಂದು ತಿಳಿಯುತ್ತದೆ.

ಇನ್ನೊಂದು ಕಡೆ ಕೂಗಿನ ಬಾಗಿಲು ಅಗಲವೂ ಆಗಿದೆ. ೧೯೭೯ರಲ್ಲಿ, ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದವರ ಸಂಗತಿ ಪತ್ರಿಕೆಯ ವರದಿಯ ಮೂಲಕ ಸುಪ್ರೀಂ ಕೋರ್ಟನ್ನು ಮುಟ್ಟಿತು. ಮುಂದಿನ ವರ್ಷಗಳಲ್ಲಿ, ಬಡತನದಿಂದಲೋ ಅಸಹಾಯಕತೆಯಿಂದಲೋ ಬಾಯಿ ಬಿಡಲಾರದವರ ಪರವಾಗಿ ಬೇರೊಬ್ಬರು ಅರ್ಜಿ ತರಬಹುದು, ಒಂದು ಕಾಗದ ಬರೆದರೂ ಸಾಕು ಎಂಬ ಸಾರ್ವಜನಿಕ ಹಿತಾಸಕ್ತಿಯ ದಾರಿ ಬೆಳೆಯಿತು. ಇಲ್ಲಿ ಫಿರ್ಯಾದಿ ತನಗಾಗಿ ಕೂಗುವವನಲ್ಲ, ಗಂಟಲಿಲ್ಲದವನಿಗೆ ಗಂಟಲಾದವನು. ಪಾರಸಿಯ ಹಳೆಯ ಶಬ್ದಕ್ಕೆ ಭಾರತ ಕೊಟ್ಟ ಹೊಸ ಅರ್ಥ ಇದು ಎಂದು ನಾನು ತಿಳಿದಿದ್ದೇನೆ.

ಕೊನೆಗೆ ವಾಚಕರಿಗೆ ಉಪಯೋಗವಾಗುವ ಒಂದು ಮಾತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೩ನೆಯ ಕಲಮಿನ ಪ್ರಕಾರ, ಸ್ಟೇಷನ್ನಿಗೆ ಬಂದವನು ಬಾಯಿಮಾತಿನಲ್ಲಿ ಹೇಳಿದ ಅಪರಾಧದ ಸಂಗತಿಯನ್ನು ಅಧಿಕಾರಿ ಬರೆದುಕೊಳ್ಳಬೇಕು, ಬರೆದದ್ದನ್ನು ಅವನಿಗೆ ಓದಿ ಹೇಳಬೇಕು, ಆಮೇಲೆ ಸಹಿ ಹಾಕಿಸಿಕೊಳ್ಳಬೇಕು. ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿಯೂ ಈ ಮಾತು ಇತ್ತು. ಕಾತ್ಯಾಯನನ ಹಲಗೆ, ಸುಣ್ಣದ ಕಡ್ಡಿ, ಕಳ್ಳನಿಗೆ ಸಮನಾದ ಲೇಖಕ ಇವೆಲ್ಲ ಈ ‘ಓದಿ ಹೇಳಬೇಕು’ ಎಂಬ ಎರಡು ಮಾತಿನಲ್ಲಿ ಬದುಕಿವೆ. ಹೆಬ್ಬೆಟ್ಟು ಒತ್ತುವ ಮೊದಲು ‘ಏನು ಬರೆದಿರಿ ಸ್ವಾಮಿ, ಒಂದು ಸಲ ಓದಿ’ ಎಂದು ಕೇಳಲು ಯಾರೂ ಸಂಕೋಚಪಡಬೇಕಾಗಿಲ್ಲ. ಕೇಳುವುದು ಅವರ ಹಕ್ಕು. ಓದುವುದು ಎದುರು ಕುಳಿತವರ ಕರ್ತವ್ಯ.